ಇಪ್ಪತ್ತೈದನ್ನು ಎಂಬತ್ತೈದು ಮಾಡಿದವರು

ಕಬ್ಬಿಣದಕ್ಕನ ಮುತ್ತಜ್ಜ ಕಲ್ಲುಗಣಿಯಲ್ಲಿ ದುಡಿದವನು. ಮೈಲಿಗಲ್ಲು ಹೊತ್ತು ನೆಡಲು ನಾಲ್ಕು ಆಳೆಂದು ಪುಸ್ತಕದಲ್ಲಿ ಬರೆದುಕೊಂಡ ಮೇಸ್ತ್ರಿ ಇವನೊಬ್ಬನನ್ನೇ ಕಳಿಸಿದಾಗ, ಕಲ್ಲನ್ನು ಎದೆಗವುಚಿಕೊಂಡು ಹೋಗಿ ಗುಂಡಿಗಿಳಿಸಿ ಬಂದು, "ಉಳಿದ ಮೂವರ ಹೆಸರು ಹೇಳಿ ಸ್ವಾಮಿ, ಜೊತೆಗೆ ದುಡಿದವರನ್ನ ಮಾತಾಡಿಸದೆ ಹೋಗೋದು ಮರ್ಯಾದೆಯಲ್ಲ" ಎಂದನಂತೆ. ಅಜ್ಜ ಧಾನ್ಯದ ಮಂಡಿಯಲ್ಲಿ ತೂಕದವನು. ತಕ್ಕಡಿಗೆ ಹೆಬ್ಬೆರಳು ತಾಗಿಸು ಎಂದ ಸಾಹುಕಾರನ ಮಾತು ಕೇಳದೆ ಕಪಾಳಕ್ಕೆ ತಿಂದು, ಉದುರಿದ ಹಲ್ಲನ್ನು ತಕ್ಕಡಿಗೇ ಹಾಕಿ, "ಇದನ್ನೂ ಸೇರಿಸಿ ತೂಗಲಾ ಧಣಿ?" ಎಂದು ಕೇಳಿದವನು. ಅಪ್ಪ ರೈಲಿನ ಸರಕು ಶೆಡ್ಡಿನಲ್ಲಿ ಹಮಾಲಿ. ಐವತ್ತಕ್ಕೇ ಸೊಂಟ ಬಿದ್ದಾಗ, ಜೀವಮಾನದಲ್ಲಿ ಎಷ್ಟು ಹೊತ್ತಿದ್ದೀಯ ಎಂದು ಡಾಕ್ಟರು ಕೇಳಿದರೆ, "ಹೊತ್ತವನನ್ನ ಕೇಳ್ತೀರಲ್ಲ, ತಿಂದವರನ್ನ ಕೇಳಿ" ಎಂದು ಗೋಡೆ ಕಡೆ ಹೊರಳಿದನು. ತಾಯಿ ಮೂರನೆಯ ಮಹಡಿಯವರೆಗೆ ಇಡೀ ಕಟ್ಟಡದ ನೀರು ಹೊತ್ತವಳು. ಪಕ್ಕದ ಮನೆಯ ಕೂಸನ್ನು ಒಮ್ಮೆ ಎತ್ತಿಕೊಂಡರೆ ಸಾಕು, "ಹೋದ ವಾರಕ್ಕಿಂತ ಇಳಿದಿದೆ, ಮೈಗೆ ಹುಷಾರಿಲ್ಲ ನೋಡು" ಎನ್ನುತ್ತಿದ್ದಳು. ನಂಬದೆ ಆಸ್ಪತ್ರೆಗೆ ಹೋಗಿ ತೂಗಿಸಿದವರು ಬಾಯಿ ಮುಚ್ಚಿಕೊಂಡು ವಾಪಸು ಬರುತ್ತಿದ್ದರು.

ಹೀಗೆ ಹೊರುವವರ ವಂಶ ಅದು. ಹೊತ್ತದ್ದನ್ನು ಹೊತ್ತಷ್ಟೇ ಹೇಳುವ ವಂಶ.

ಹದಿನಾಲ್ಕರ ವಯಸ್ಸಿನಲ್ಲಿ ಕಬ್ಬಿಣದಕ್ಕ ಅಪ್ಪನಿಗೆ ಬುತ್ತಿ ಒಯ್ದಿದ್ದಾಗ ಶೆಡ್ಡಿನಲ್ಲಿ ಮೂಟೆಗಳ ಅಟ್ಟಿ ಜಾರಿ ಒಬ್ಬನ ಕಾಲ ಮೇಲೆ ಬಿತ್ತು. ಗಂಡಸರು "ಹಗ್ಗ ತನ್ನಿ, ಸನಿಕೆ ತನ್ನಿ" ಎಂದು ಕೂಗಾಡುತ್ತಿರುವಾಗ ಹುಡುಗಿ ಬುತ್ತಿಯನ್ನು ಪಕ್ಕಕ್ಕಿಟ್ಟು, ಮೇಲಿನ ಮೂಟೆಯನ್ನು ಎತ್ತಿ ಆಚೆಗೆ ಎಸೆದಳು. ಪಾರ್ಸಲ್ಲು ಬಿಡಿಸಿಕೊಳ್ಳಲು ಬಂದಿದ್ದ ವ್ಯಾಯಾಮದ ಮೇಷ್ಟ್ರೊಬ್ಬರು ಇದನ್ನು ಕಂಡು, ಪಾರ್ಸಲ್ಲು ಮರೆತು ಹುಡುಗಿಯ ಹಿಂದೆ ಮನೆಗೆ ಬಂದರು. ಮುಂದೆ ಹದಿನಾರು ವರ್ಷ ಅವಳು ದೇಶದ ಹೆಸರಿನ ಅಂಗಿ ತೊಟ್ಟು ಭಾರ ಎತ್ತಿದಳು. ಅವಳು ಬರೆದ ದಾಖಲೆಯೊಂದು ಒಂಬತ್ತು ವರ್ಷ ಅಲುಗಲಿಲ್ಲ. ಭುಜದ ಕೀಲು ಕೈಕೊಟ್ಟ ದಿನ ಸರ್ಕಾರದವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಮೂರನೆಯ ತಿಂಗಳಿಗೆ ನಿಂತುಹೋಯಿತು. "ಪಾಪ, ನನ್ನ ಹಿಂದೆಯೇ ಅದಕ್ಕೂ ನಿವೃತ್ತಿ" ಎಂದು ನಕ್ಕು, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಒದ್ದೆ ಚಾದರಗಳ ಗಂಟನ್ನು ಯಂತ್ರದಿಂದ ಎತ್ತಿ ಗಾಡಿಗೆ ಹಾಕುವ ಕೆಲಸ. ಅಲ್ಲಿಯೂ ಬಾಗುವಾಗ ಬೆನ್ನು ನೆಟ್ಟಗೆ, ಮೊಣಕಾಲು ಮಡಿಸಿ. ನೋಡಿದವರು ಕಲಿಯಬೇಕು ಹಾಗೆ.

ಬಸ್ ಡಿಪೋದ ಹಿಂದೆ ಹಳೆಯ ಟೈರು ಒಟ್ಟುತ್ತಿದ್ದ ಶೆಡ್ಡು ಒಂದಿತ್ತು. ಅಲ್ಲಿ ಒಂದು ಸಂಜೆ ಇಬ್ಬರು ಹುಡುಗಿಯರು ಪಂದ್ಯ ಕಟ್ಟಿ ಬಸ್ಸಿನ ಚಕ್ರದ ರಿಮ್ಮು ಎತ್ತುತ್ತಿದ್ದದ್ದನ್ನು ಅವಳು ಕಂಡಳು.

"ಹಾಗೆ ಎತ್ತಿದ್ರೆ ನಲವತ್ತಕ್ಕೆ ನಿಮಗೂ ಕೋಲು, ನನಗೂ ಕೋಲು. ಮೂವರೂ ಸೇರಿ ಕೋಲಾಟ ಆಡೋಣ" ಎಂದು ಬೈದು, ಬೆನ್ನು ಹೇಗಿಡಬೇಕೆಂದು ತೋರಿಸಿದಳು. ಮರುದಿನ ಐದು ಮಕ್ಕಳು ಬಂದರು. ಹನ್ನೊಂದು ವರ್ಷದಲ್ಲಿ ಆ ಐದು ಇಪ್ಪತ್ತೆರಡಾಯಿತು. ರೈಲು ಹಳಿಯ ಪಕ್ಕದ ಒಂದೊಂದೇ ಕೋಣೆಯ ಮನೆಗಳ ಮಕ್ಕಳು. ಡಿಪೋದವರು ಕೊಟ್ಟ ಹಳೆಯ ಕಬ್ಬಿಣದ ಸರಳು, ಚರಂಡಿ ಮುಚ್ಚಳ ಎರಕ ಹೊಯ್ಯುವವನಿಂದ ಬೇಡಿ ಮಾಡಿಸಿದ ತಟ್ಟೆಗಳು, ಇಷ್ಟೇ ಅವರ ಬಂಡವಾಳ. ಯಾರ ಅಪ್ಪ ಕುಡಿಯುತ್ತಾನೆ, ಯಾರ ಅಣ್ಣ ಜೈಲಿನಲ್ಲಿದ್ದಾನೆ ಎಂದು ಕಬ್ಬಿಣದಕ್ಕ ಒಂದು ದಿನವೂ ಕೇಳಿದವಳಲ್ಲ. ಮಕ್ಕಳು ತಾವಾಗಿ ಹೇಳಿದರೆ ಕೇಳಿಸಿಕೊಂಡಳು. ಕೇಳಿದ್ದು ಅವಳ ಹೊಟ್ಟೆಯಲ್ಲೇ ಕರಗಿತು.

ಆ ಶೆಡ್ಡಿನಲ್ಲಿ ಒಂದೇ ಕಟ್ಟಳೆ: ಹೇಳಿ ಎತ್ತು. ಸರಳು ಮುಟ್ಟುವ ಮೊದಲು ಎತ್ತುವವರು ಎರಡೂ ಕಡೆಯ ತಟ್ಟೆ ಎಣಿಸಿ, ಭಾರವೆಷ್ಟೆಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಸುತ್ತ ನಿಂತವರು ತಾವೂ ಎಣಿಸಬೇಕು. ತಪ್ಪಿದ್ದರೆ ಎತ್ತುವ ಹಾಗಿಲ್ಲ. ಹಿಂದೊಮ್ಮೆ ಒಂದು ಕಡೆಗೆ ಹೆಚ್ಚು ತಟ್ಟೆ ಬಿದ್ದದ್ದನ್ನು ನೋಡದೆ ಎತ್ತಿ ಮಗುವೊಂದರ ಮುಂಗೈ ಮುರಿದಿತ್ತು. ಅಂದಿನಿಂದ ಈ ಕಟ್ಟಳೆ ಮಕ್ಕಳ ಬಾಯಿಗೆ ಉಸಿರಿನಷ್ಟು ಸಹಜವಾಗಿತ್ತು. ಮನೆಯಲ್ಲಿ ನೀರಿನ ಕೊಡ ಎತ್ತುವಾಗಲೂ "ಹದಿನೈದು!" ಎಂದು ಕೂಗಿ ತಾಯಂದಿರನ್ನು ಬೆಚ್ಚಿಬೀಳಿಸುತ್ತಿದ್ದವು.

ಆ ಇಪ್ಪತ್ತೆರಡರಲ್ಲಿ ಒಬ್ಬಳು ಗುಬ್ಬಿ. ಹದಿನಾರು ದಾಟಿದ್ದರೂ ನಲವತ್ತೆಂಟೇ ಕಿಲೋ ತೂಗುವ ಹುಡುಗಿ. ತಾಯಿ ಬಾಟಲಿ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವವಳು, ತಂದೆ ಸರಕಿನ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಆರು ಜನರ ಒಂದು ಕೋಣೆಯಲ್ಲಿ ಗುಬ್ಬಿಯ ಪಾಲಿಗೆ ಬಂದದ್ದು ಮೇಜಿನ ಕೆಳಗಿನ ಜಾಗ. ಓದು, ನಿದ್ದೆ ಎರಡೂ ಅಲ್ಲೇ. ಹದಿನೇಳರ ಒಳಗಿನವರ ದೊಡ್ಡ ಪಂದ್ಯದಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತಿತ್ತು. ಮಂಚ, ಮೂರು ಹೊತ್ತು ಊಟ, ಓದು, ಎಲ್ಲ. ಹೋದ ವರ್ಷ ಗುಬ್ಬಿ ಐದನೆಯವಳಾಗಿದ್ದಳು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ. ಇದೇ ಕೊನೆ.

ಭಾರ ಎತ್ತುವ ಪಂದ್ಯದಲ್ಲಿ ಎರಡು ಬಗೆ. ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವುದು ಒಂದು. ಭುಜಕ್ಕೆ ತಂದು, ಉಸಿರು ಹಿಡಿದು, ಮೇಲಕ್ಕೆ ಚಿಮ್ಮುವುದು ಇನ್ನೊಂದು. ಒಂದೊಂದಕ್ಕೂ ಮೂರು ಸರದಿ, ಎರಡರಲ್ಲೂ ಹೆಚ್ಚಿನದನ್ನು ಕೂಡಿಸಿ ಸ್ಥಾನ. ಗುಬ್ಬಿ ಮೊದಲನೆಯದರಲ್ಲಿ ನಲವತ್ತೈದು, ಎರಡನೆಯದರಲ್ಲಿ ಐವತ್ತೆಂಟು ಎತ್ತುತ್ತಿದ್ದಳು. ಒಟ್ಟು ನೂರ ಮೂರು. "ಇನ್ನೊಂದು ಎರಡು ಕಿಲೋ ಕೂಡಿಸ್ಕೊಂಡ್ರೆ ಮೂರನೇ ಜಾಗ ನಿಂದೇ ಕಣೇ" ಎಂದು ಕಬ್ಬಿಣದಕ್ಕ ಲೆಕ್ಕ ಹಾಕಿದ್ದಳು. ಅವಳ ಅಂದಾಜು ತಪ್ಪಿದ್ದು ಕಡಿಮೆ.

ಅಷ್ಟರಲ್ಲಿ ಬಂದವನು ಚಿಗರೆ.

ಚಿಗರೆ ಎಂಬುದು ತರಬೇತಿ ಶಿಬಿರದ ಕಾಲದಲ್ಲಿ ಕಬ್ಬಿಣದಕ್ಕನೇ ಇಟ್ಟ ಹೆಸರು. ಆಗ ಅವನು ಕಡ್ಡಿಯಂಥ ಹುಡುಗ, ನಾನೂರು ಮೀಟರಿನ ಓಟಗಾರ, ಮನೆ ನೆನಪಾಗಿ ಅಳುತ್ತಿದ್ದವನು. ಅವಳು ತನ್ನ ಪಾಲಿನ ಮೊಟ್ಟೆ ಅವನಿಗೆ ಕೊಟ್ಟು ಸಮಾಧಾನ ಮಾಡಿದ್ದುಂಟು. ಆಮೇಲೆ ಅವನು ಪದಕ ಗೆದ್ದ, ಸೋಪಿನ ಜಾಹೀರಾತಿನಲ್ಲಿ ನಕ್ಕ, ಓಟ ನಿಲ್ಲಿಸಿದ ಮೇಲೆ ಬಡ ಮಕ್ಕಳಿಗಾಗಿ ಒಂದು ಸೇವಾ ಸಂಸ್ಥೆ ಕಟ್ಟಿದ. ನಿವೃತ್ತ ಆಟಗಾರರೆಲ್ಲ ಅದರಲ್ಲಿ ಮಾರ್ಗದರ್ಶಕರು. ಊರ ತುಂಬ ಅವನ ಮುಖದ ಪೋಸ್ಟರು. ಶೆಡ್ಡಿನ ಮಕ್ಕಳು ಅವನನ್ನು ಕಂಡೊಡನೆ "ಪೋಸ್ಟರ್ ಮಾವ" ಎಂದು ಪಿಸುಗುಟ್ಟಿದವು.

"ಅಕ್ಕಾ, ಈ ಗುಜರಿ ಇಟ್ಕೊಂಡು ಹನ್ನೊಂದು ವರ್ಷ ಮಾಡಿದ್ಯಲ್ಲ! ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಗೋಡೆ ಮೇಲಿಂದ ಇಳಿದ್ರೆ ತಾನೆ ಹೇಳೋದು?"

ಅವನು ನಕ್ಕ. ಮನಸ್ಸಿನಲ್ಲಿ ಕಪಟವಿದ್ದವನಲ್ಲ ಅವನು, ಆ ಮಾತು ಹೇಳಲೇಬೇಕು. ಹದಿನೈದು ದಿನದಲ್ಲಿ ಒಳ್ಳೆಯ ಮರದ ಹಲಗೆ ಹಾಸಿಸಿದ, ಹೊಸ ಸರಳು ಕಳಿಸಿದ. ಜೊತೆಗೆ ಕಲಿಯುವ ಮಕ್ಕಳಿಗೆಂದು ಹಗುರ ತಟ್ಟೆಗಳೂ ಬಂದವು. ನೋಡಲು ನಿಜವಾದ ದೊಡ್ಡ ತಟ್ಟೆಯಷ್ಟೇ ಅಗಲ, ತೂಕ ಮಾತ್ರ ಎರಡೂವರೆ ಕಿಲೋ. ಸರಳು ಸರಿಯಾದ ಎತ್ತರದಲ್ಲಿ ನಿಲ್ಲಲಿ, ಎಳೆಯ ಬೆನ್ನು ಉಳಿಯಲಿ ಎಂದು ಮಾಡಿದವು. ಕಬ್ಬಿಣದಕ್ಕ ಅವನ್ನು ಸವರಿ ನೋಡಿ, "ನಮ್ಮ ಕಾಲದಲ್ಲಿ ಇವು ಇದ್ದಿದ್ರೆ ನನ್ನ ಭುಜ ಇನ್ನೂ ನನ್ನದೇ ಆಗಿರ್ತಿತ್ತು" ಎಂದಳು. ಅವಳ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ.

ಅದೇ ಖುಷಿಯಲ್ಲಿ ಅವಳು ಒಂದು ತಪ್ಪು ಮಾಡಿದಳು. ಚಿಗರೆ ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದಳು. ಶೆಡ್ಡಿನ ಮಕ್ಕಳು ಇನ್ನು ಸಂಸ್ಥೆಯ ತಂಡ, ಪಂದ್ಯಗಳಿಗೆ ಅರ್ಜಿ ತುಂಬುವುದು, ಸಭೆಗಳಿಗೆ ಹೋಗುವುದು ಎಲ್ಲ ಸಂಸ್ಥೆಯ ಕೆಲಸ ಎಂದು ಅದರಲ್ಲಿ ಬರೆದಿತ್ತು. ಯಾರು ಎತ್ತಿದರೂ ತಟ್ಟೆ ಎಣಿಸು ಎಂದು ಮಕ್ಕಳಿಗೆ ದಿನಾ ಹೇಳುವವಳು, ಜೊತೆಯಲ್ಲಿ ಉಂಡವನ ಕಾಗದವನ್ನು ಎಣಿಸಲಿಲ್ಲ. ಆಟದವರ ಹಣೆಬರಹವೇ ಅದು: ಮೈದಾನದಲ್ಲಿ ಬೆವರು ಸುರಿಸಿದವನು ಸುಳ್ಳಾಡುವುದಿಲ್ಲ ಎಂದು ನಂಬಿಬಿಡುತ್ತಾರೆ.

ಒಂದು ಹಗಲು, ಕಬ್ಬಿಣದಕ್ಕ ಆಸ್ಪತ್ರೆಯಲ್ಲಿ ಚಾದರ ಎತ್ತುತ್ತಿದ್ದ ಹೊತ್ತಿಗೆ, ಸಂಸ್ಥೆಯ ಪ್ರಚಾರದ ಮೇಡಂ ಫೋಟೋದವನನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಬಿಳಿಯ ಹಗುರ ತಟ್ಟೆಗಳು ಫೋಟೋದಲ್ಲಿ ಸಪ್ಪೆ ಕಾಣುತ್ತವೆಂದು ಅವಕ್ಕೆ ಸಂಸ್ಥೆಯ ಬಣ್ಣ ಬಳಿಸಿದರು, ಎರಡಕ್ಕೆ ನೀಲಿ, ಎರಡಕ್ಕೆ ಹಳದಿ. ಒಣಗಿದ ಮೇಲೆ ಗುಬ್ಬಿಯ ಕೈಗೆ ಕೊಟ್ಟರು.

ಸಂಜೆ ಗುಬ್ಬಿ ಅಭಿನಯ ಮಾಡಿ ತೋರಿಸಿದಳು. "ಅಕ್ಕಾ, ನಾನು ಎಣಿಸಿ 'ಇಪ್ಪತ್ತೈದು!' ಅಂತ ಕೂಗಿದ್ನಾ, ಫೋಟೋದವ್ರು 'ಏನೂ ಹೇಳ್ಬೇಡಮ್ಮ, ಬಾಯಿ ತೆರೆದ್ರೆ ಮುಖ ಕೆಡುತ್ತೆ' ಅಂದ್ರು. ಆಮೇಲೆ ಸುಮ್ನೆ ಎತ್ತಿದೆ. 'ಇನ್ನೂ ಕಷ್ಟ ಪಡು, ಇನ್ನೂ ಕಷ್ಟ ಪಡು' ಅಂತಾರೆ! ಇಪ್ಪತ್ತೈದಕ್ಕೆ ಹೇಗೆ ಕಷ್ಟ ಪಡ್ಲಿ? ಹಲ್ಲುನೋವು ಬಂದವ್ರ ಹಾಗೆ ಮುಖ ಮಾಡಿದೆ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಕಬ್ಬಿಣದಕ್ಕನೂ ನಕ್ಕಳು. ಆ ನಗುವನ್ನು ಆಮೇಲೆ ನೂರು ಸಲ ನುಂಗಬೇಕಾಯಿತು ಅವಳಿಗೆ.

ಹತ್ತು ದಿನಕ್ಕೆ ಬಸ್ ನಿಲ್ದಾಣದ ಗೋಡೆಯ ಮೇಲೆ ಗುಬ್ಬಿ ಆಳೆತ್ತರ ನಿಂತಿದ್ದಳು. ತಲೆಯ ಮೇಲೆ ನೀಲಿ ಹಳದಿ ತಟ್ಟೆ, ಮುಖದಲ್ಲಿ ಹಲ್ಲುನೋವು. ಕೆಳಗೆ ದಪ್ಪ ಅಕ್ಷರ: "ಅಪ್ಪ ಬಿಟ್ಟುಹೋದ. ದಿನಕ್ಕೆ ಒಂದೇ ಹೊತ್ತಿನ ಊಟ. ಆದರೂ ಎತ್ತಿದಳು ಎಂಬತ್ತೈದು ಕಿಲೋ!" ಪಕ್ಕದಲ್ಲಿ ಚಿಗರೆಯ ನಗುಮುಖ.

ಮೊದಲು ಸಿಡಿದವಳು ಗುಬ್ಬಿಯ ತಾಯಿ. ಕಾರ್ಖಾನೆಯ ಒದ್ದೆ ಸೀರೆಯಲ್ಲೇ ಶೆಡ್ಡಿಗೆ ನುಗ್ಗಿದಳು.

"ಅಕ್ಕಾ, ನನ್ನ ಗಂಡ ನನ್ನ ಯಾವಾಗ ಬಿಟ್ಟುಹೋದ ಸ್ವಲ್ಪ ಹೇಳ್ತೀಯಾ? ಹೋದ ತಿಂಗಳು ಹಡಗಿಂದ ಫೋನ್ ಮಾಡಿ ಉಪ್ಪಿನಕಾಯಿ ಹಾಕಿಟ್ಟಿರು ಅಂದವನು, ಬಿಟ್ಟುಹೋಗೋನು ಉಪ್ಪಿನಕಾಯಿ ಕೇಳ್ತಾನಾ? ಒಂದು ಹೊತ್ತು ಊಟವಂತೆ! ಕೈ ಬಿರಿಯೋ ಹಾಗೆ ಬಾಟಲಿ ತೊಳೆದು ಮೂರು ಹೊತ್ತು ಹಾಕ್ತಿದ್ದೀನಿ ನಾನು. ಕಾರ್ಖಾನೆಯಲ್ಲಿ ಎಲ್ರೂ ನನ್ನ ಮುಂದೆ ಬುತ್ತಿ ಚಾಚ್ತಿದ್ದಾರೆ, 'ತಗೊಳ್ಳಮ್ಮ, ಮಗೂಗೆ ಕೊಡು' ಅಂತ. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು!"

ಕಬ್ಬಿಣದಕ್ಕ ತಲೆ ತಗ್ಗಿಸಿ ಕೇಳಿದಳು. ಆದರೆ ಅವಳ ಮನಸ್ಸು ಸಿಕ್ಕಿಕೊಂಡದ್ದು ಪೋಸ್ಟರಿನ ಸಂಖ್ಯೆಯಲ್ಲಿ. ಇಪ್ಪತ್ತೈದು ಎಂಬತ್ತೈದಾದದ್ದು ಹೇಗೆ? ಮರುದಿನ ರಜೆ ಹಾಕಿ ಸಂಸ್ಥೆಯ ಕಚೇರಿಗೆ ಹೋದಳು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆಯ ತುಂಬ ಅಳುವ ಮಕ್ಕಳ ಫೋಟೋ. ಪ್ರಚಾರದ ಮೇಡಂ ಹೆಮ್ಮೆಯಿಂದಲೇ ವಿವರಿಸಿದರು.

"ನಾವೇನು ಊಹೆ ಮಾಡಿ ಬರೆಯೋಲ್ಲ ಅಮ್ಮ. ಪುಸ್ತಕ ನೋಡಿದೆ. ಪಂದ್ಯದಲ್ಲಿ ನೀಲಿ ತಟ್ಟೆ ಇಪ್ಪತ್ತು ಕಿಲೋ, ಹಳದಿ ಹದಿನೈದು. ಎರಡೆರಡು ಅಂದ್ರೆ ಎಪ್ಪತ್ತು. ಸರಳು ಹದಿನೈದು. ಎಂಬತ್ತೈದು. ಸರಿ ಇದೆ ಅಲ್ವಾ?"

ಕಬ್ಬಿಣದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನೇ ನೀಲಿ ಬಳಿದು, ನೀಲಿ ಇದೆ ಎಂದು ಇಪ್ಪತ್ತು ಕಿಲೋ ಎಣಿಸಿದ ಮಹಾತಾಯಿ! ಬೆಕ್ಕಿಗೆ ಪಟ್ಟೆ ಬರೆದು ಹುಲಿ ಸಾಕಿದ್ದೇನೆ ಎಂದ ಹಾಗೆ.

"ಆ ಮಗು ಬಾಯಿಬಿಟ್ಟು ಇಪ್ಪತ್ತೈದು ಅಂತ ಹೇಳ್ತಲ್ಲಮ್ಮ. ಅವಳನ್ನ ಕೇಳಿದ್ರೆ ಆಗ್ತಿತ್ತು. ಪುಸ್ತಕ ಯಾಕೆ ಬೇಕಿತ್ತು?"

"ಮಕ್ಕಳಿಗೆ ಏನು ಗೊತ್ತಾಗುತ್ತೆ..."

"ಎತ್ತಿದವಳಿಗೆ ಗೊತ್ತಾಗ್ದೆ ಇದ್ರೆ ನೋಡಿದವರಿಗೆ ಗೊತ್ತಾಗುತ್ತಾ?"

ಗಲಾಟೆ ಕೇಳಿ ಚಿಗರೆ ಒಳಕೋಣೆಯಿಂದ ಬಂದ. ವಿಷಯ ತಿಳಿದು ತಲೆ ಕೆರೆದುಕೊಂಡ. "ತಪ್ಪಾಯ್ತು ಅಕ್ಕಾ. ಆದ್ರೆ ಅಂಟಿಸಿ ಆಗಿದೆ, ದಾನಿಗಳೆಲ್ಲ ನೋಡಿದ್ದಾರೆ. ಈಗ ಇಪ್ಪತ್ತೈದು ಅಂದ್ರೆ ಸಂಸ್ಥೆ ಮರ್ಯಾದೆ ಏನಾಗುತ್ತೆ? ಹೋಗ್ಲಿ ಬಿಡು, ಪೋಸ್ಟರ್ ತಾನೆ. ಯಾರು ತೂಗಿ ನೋಡ್ತಾರೆ?"

"ನೀನು ನಾನೂರು ಮೀಟರ್ ಓಡಿದ್ದನ್ನ ಪೇಪರಿನವರು ನೂರು ಮೀಟರ್ ಅಂತ ಹಾಕಿದ್ರೆ ಬಿಡ್ತಿದ್ಯೇನೋ? ಕಚೇರಿ ಕಿಟಕಿ ಗಾಜು ಒಡೆದು ಬರ್ತಿದ್ದೆ."

"ಅದು ಕಡಿಮೆ ಮಾಡಿದ್ದು ಅಕ್ಕಾ. ಇದು ಜಾಸ್ತಿ ಮಾಡಿದ್ದಲ್ವಾ, ಹುಡುಗಿಗೆ ಒಳ್ಳೇದೇ."

"ಜಾಸ್ತಿ ಹೇಳಿದ್ರೆ ಐವತ್ತೆಂಟು ಎತ್ತೋಳು ಏನೂ ಅಲ್ಲ ಅಂದ ಹಾಗಾಯ್ತು. ಮೂರು ವರ್ಷ ಬೇಕಾಯ್ತು ಅವಳಿಗೆ ಆ ಐವತ್ತೆಂಟಕ್ಕೆ."

ಚಿಗರೆ ಅವಳ ಎರಡೂ ಕೈ ಹಿಡಿದು, ಒಂದು ವಾರದಲ್ಲಿ ಎಲ್ಲ ಸರಿಮಾಡಿಸುತ್ತೇನೆ ಎಂದು ಮಾತು ಕೊಟ್ಟ. ಅವಳು ನಂಬಿ ಬಂದಳು. ವಾರವಾಯಿತು, ಮೂರು ವಾರವಾಯಿತು. ಪೋಸ್ಟರಿನ ಅಂಚು ಬಿಸಿಲಿಗೆ ಸುರುಳಿಯಾಯಿತೇ ಹೊರತು ಅಕ್ಷರ ಬದಲಾಗಲಿಲ್ಲ. ಅಷ್ಟರಲ್ಲಿ ಪಂದ್ಯ ಹತ್ತಿರ ಬಂತು. ಕಬ್ಬಿಣದಕ್ಕ ಪೋಸ್ಟರನ್ನು ಮನಸ್ಸಿನಿಂದ ಕಿತ್ತುಹಾಕಿ, ಹುಡುಗಿಯ ಮೊಣಕೈ, ಹಿಮ್ಮಡಿ, ಉಸಿರು ಇಷ್ಟರಲ್ಲೇ ಮುಳುಗಿದಳು.

ಪಂದ್ಯದ ದಿನ ಬೆಳಿಗ್ಗೆ ಗುಬ್ಬಿಯ ಮೈತೂಕ ತೂಗಿಸಿ ಹೊರಗೆ ಬಂದಾಗ ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಯಾರು ಎಷ್ಟು ಎತ್ತುವರೆಂದು ಅರ್ಜಿಯಲ್ಲಿ ಬರೆದಿದ್ದಾರೋ ಆ ಲೆಕ್ಕದಲ್ಲಿ ಹೆಸರುಗಳು, ಕಡಿಮೆಯವರು ಮೇಲೆ, ಹೆಚ್ಚಿನವರು ಕೆಳಗೆ. ಗುಬ್ಬಿಯ ಹೆಸರನ್ನು ಕಬ್ಬಿಣದಕ್ಕ ನಡುವೆ ಹುಡುಕಿದಳು. ಇಲ್ಲ. ಬೆರಳು ಜಾರಿಸುತ್ತ ಹೋದಳು. ಎಲ್ಲರಿಗಿಂತ ಕೆಳಗೆ ಇತ್ತು. ಎದುರಿಗೆ: ನೂರ ಐವತ್ತು.

ಪೋಸ್ಟರಿನ ಎಂಬತ್ತೈದನ್ನು ಎರಡನೆಯ ಬಗೆಗೆ ಬರೆದು, ಮೊದಲನೆಯದಕ್ಕೆ ಸ್ವಲ್ಪ ಕಡಿಮೆ ಇರಲಿ ಎಂದು ಅರವತ್ತೈದು ಸೇರಿಸಿ, ಸಂಸ್ಥೆಯವರು ಅರ್ಜಿ ತುಂಬಿದ್ದರು. ಹಿಂದಿನ ದಿನದ ಸಭೆಯಲ್ಲಿ ಅಧಿಕಾರಿಗಳು ಒಬ್ಬೊಬ್ಬರ ಸಂಖ್ಯೆ ಓದಿ "ಸರಿಯೇ?" ಎಂದು ಕೇಳಿದಾಗ, ಸಂಸ್ಥೆಯಿಂದ ಹೋಗಿದ್ದವರು ಸರಿ ಎಂದು ಸಹಿ ಹಾಕಿ ಬಂದಿದ್ದರು.

ತಿಳಿಯದವರಿಗೆ ಇದು ಬರೀ ಕಾಗದ. ತಿಳಿದವರಿಗೆ ಕತ್ತಿಗೆ ಹಾಕಿದ ಹಗ್ಗ. ಎರಡೂ ಬಗೆಯ ಮೊದಲ ಭಾರ ಕೂಡಿಸಿದರೆ ಬರುವ ಮೊತ್ತವನ್ನು ಅರ್ಜಿಯಲ್ಲಿ ಬರೆದದ್ದಕ್ಕಿಂತ ಇಪ್ಪತ್ತು ಕಿಲೋವರೆಗೆ ಇಳಿಸಿ ಶುರು ಮಾಡಬಹುದು, ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ ಎಂಬುದು ಆ ಪಂದ್ಯದ ನಿಯಮ. ಅಂದರೆ ನೂರ ಮೂರು ಎತ್ತುವ ಹುಡುಗಿ ನೂರ ಮೂವತ್ತರಿಂದ ಶುರು ಮಾಡಬೇಕು!

ಅಧಿಕಾರಿಗಳ ಮೇಜಿನ ಹಿಂದೆ ಕೂತಿದ್ದ ಹಿರಿಯ ತೀರ್ಪುಗಾರರು ಅವಳ ಕಾಲದವರೇ.

"ಸಾರ್, ನಮ್ಮ ಹುಡುಗಿ ಎತ್ತೋದು ನೂರ ಮೂರು. ಹೋದ ವರ್ಷ ನೀವೇ ನೋಡಿದ್ದೀರಿ. ಇದು ಯಾರೋ ಮಾಡಿದ ಎಡವಟ್ಟು."

"ಗೊತ್ತಮ್ಮ, ನನಗೂ ಆಶ್ಚರ್ಯ ಆಯ್ತು. ನಿನ್ನೆ ಎರಡು ಸಲ ಕೇಳ್ದೆ. ನಿಮ್ಮ ಸಂಸ್ಥೆಯವರು ಪೋಸ್ಟರ್ ತೆಗೆದು ತೋರಿಸಿದ್ರು."

"ಈಗ ತಿದ್ದೋಕಾಗಲ್ವಾ?"

"ನಿನ್ನ ಒಬ್ಬಳಿಗೆ ತಿದ್ದಿದ್ರೆ ನಾಳೆ ಎಲ್ಲರಿಗೂ ತಿದ್ದಬೇಕಾಗುತ್ತೆ. ನೀನು ನನ್ನ ಜಾಗದಲ್ಲಿದ್ರೆ ತಿದ್ತಿದ್ಯಾ ಹೇಳು."

ಅವಳು ಮೇಜಿನಿಂದ ಹಿಂದೆ ಸರಿದಳು. ತಿದ್ದುತ್ತಿರಲಿಲ್ಲ.

ಮೈ ಬಿಸಿಮಾಡಿಕೊಳ್ಳುವ ಕೋಣೆಯಲ್ಲಿ ಗುಬ್ಬಿ ಬೆಂಚಿನ ಮೇಲೆ ಮೊಣಕಾಲು ಅಪ್ಪಿ ಕೂತಿದ್ದಳು. ಕಬ್ಬಿಣದಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುಚ್ಚಿಡುವ ಅಭ್ಯಾಸ ಅವಳಿಗಿಲ್ಲ.

"ಪ್ರಯತ್ನ ಮಾಡ್ತೀನಿ ಅಕ್ಕಾ. ಒಂದ್ಸಲ ಎಳೆದು ನೋಡ್ತೀನಿ."

"ಎಂಬತ್ತೈದು ಭುಜದವರೆಗೂ ಬರಲ್ಲ ಕಣೇ. ಬಂದ್ರೆ ನಿನ್ನ ಮೊಣಕೈ ಜೊತೆಗೆ ಬರುತ್ತೆ. ನಿನಗೆ ಹದಿನಾರು. ಆ ಮೊಣಕೈ ಇನ್ನೂ ಅರವತ್ತು ವರ್ಷ ಬೇಕು."

"ಹಾಗಾದ್ರೆ ವಾಪಸ್ ಹೋಗೋಣ್ವಾ?"

ಕಬ್ಬಿಣದಕ್ಕ ಕಣ್ಣು ಮುಚ್ಚಿ ಬೆರಳೆಣಿಸಿದಳು. ನಲವತ್ತೈದು, ಎಂಬತ್ತೈದು. ಕೂಡಿದರೆ ನೂರ ಮೂವತ್ತು. "ಮೊದಲನೇದನ್ನ ನಿನ್ನ ನಲವತ್ತೈದಕ್ಕೇ ಶುರು ಮಾಡು. ನಿನ್ನ ಶಕ್ತಿಯೆಲ್ಲ ಅಲ್ಲೇ ತೋರಿಸು. ಎರಡನೇದಕ್ಕೆ ಎಂಬತ್ತೈದು ಹಾಕಿರ್ತಾರೆ. ಅದನ್ನ ಮುಟ್ಟಬೇಡ. ಸ್ಥಾನ ಸಿಗಲ್ಲ ಗುಬ್ಬಿ. ಸೀಟೂ ಇಲ್ಲ. ಆದ್ರೆ ನೀನು ಯಾರು ಅಂತ ನೋಡಿಕೊಂಡು ಹೋಗ್ಲಿ."

ಗುಬ್ಬಿ ಬೆಂಚಿನಿಂದ ಎದ್ದಳು. ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡಳು.

ಚಿಗರೆ ಮೊದಲ ಸಾಲಿನಲ್ಲಿ ದಾನಿಗಳ ನಡುವೆ ಕೂತಿದ್ದ. ಪ್ರಚಾರದ ಮೇಡಂ ಕ್ಯಾಮೆರಾ ಹಿಡಿದು ನಿಂತಿದ್ದರು. ಗುಬ್ಬಿ ನಲವತ್ತೈದು ಎತ್ತಿದಳು, ಮೂವರು ತೀರ್ಪುಗಾರರೂ ಒಪ್ಪಿದರು. ಮೂರು ಬಿಳಿ ದೀಪ. ನಲವತ್ತೇಳು ಎತ್ತಿದಳು. ಮೂರು ಬಿಳಿ ದೀಪ. ಜೀವಮಾನದಲ್ಲಿ ಎತ್ತದಿದ್ದ ನಲವತ್ತೆಂಟನ್ನು, ಕಾಲು ನಡುಗುತ್ತ, ತುಟಿ ಕಚ್ಚಿ, ಎತ್ತಿ ಹಿಡಿದಳು. ಅದಕ್ಕೂ ಮೂರು ಬಿಳಿ ದೀಪ. ಮೊದಲ ಸಾಲಿನವರು ಸೌಜನ್ಯಕ್ಕೆ ಎರಡು ಚಪ್ಪಾಳೆ ತಟ್ಟಿದರು. ಅವರು ಕಾದು ಕೂತಿದ್ದು ಎಂಬತ್ತೈದಕ್ಕೆ.

ಎರಡನೆಯ ಬಗೆಯಲ್ಲಿ ಎಲ್ಲರೂ ಮುಗಿಸಿದ ಮೇಲೆ ಅವಳ ಸರದಿ. ಮೂರನೆಯ ಸ್ಥಾನದವಳ ಮೊತ್ತ ಫಲಕದ ಮೇಲೆ ಬಂತು: ನೂರ ನಾಲ್ಕು. ಕಬ್ಬಿಣದಕ್ಕ ತೆರೆಯ ಹಿಂದೆ ನಿಂತು ಅದನ್ನು ಓದಿದಳು. ಗುಬ್ಬಿಯ ಇವತ್ತಿನ ನಲವತ್ತೆಂಟು, ಅವಳು ಎಂದಿನಂತೆ ಎತ್ತುವ ಐವತ್ತೆಂಟು, ನೂರ ಆರು. ನೂರ ಆರು! ಆ ಸಂಖ್ಯೆ ಅವಳ ಎದೆಯಲ್ಲಿ ಕೆಂಡದ ಹಾಗೆ ಕೂತಿತು.

ಗುಬ್ಬಿ ಹಲಗೆ ಹತ್ತಿದಳು. ಅಭ್ಯಾಸದಂತೆ ಎಡಗಡೆಯ ತಟ್ಟೆ ಎಣಿಸಿದಳು, ಬಲಗಡೆಯದನ್ನು ಎಣಿಸಿದಳು. "ಎಂಬತ್ತೈದು!" ಎಂದು ಕೂಗಿದಳು. ಮೊದಲ ಸಾಲು ಹೋ ಎಂದು ಚಪ್ಪಾಳೆ ಹೊಡೆಯಿತು. ಅದು ನಿಲ್ಲುವವರೆಗೆ ಹುಡುಗಿ ಕಾದಳು. ಆಮೇಲೆ ಅದೇ ಗಂಟಲಲ್ಲಿ, "ಇದು ನಾನು ಎತ್ತೋದಲ್ಲ. ನಾನು ಎತ್ತೋದು ಐವತ್ತೆಂಟು" ಎಂದು ಹೇಳಿ, ಸರಳು ಮುಟ್ಟದೆ ಇಳಿದು ಬಂದಳು. ಕೆಂಪು ದೀಪ ಹತ್ತಿತು. ಉಳಿದ ಎರಡು ಸರದಿಗೆ ಅವಳು ಹೋಗಲಿಲ್ಲ. ಫಲಕದ ಮೇಲೆ ಅವಳ ಹೆಸರಿನ ಮುಂದೆ ಮೊತ್ತದ ಜಾಗ ಖಾಲಿ ಉಳಿಯಿತು.

ಹಿಂಬಾಗಿಲ ಮೆಟ್ಟಿಲ ಹತ್ತಿರ ಚಿಗರೆ ಓಡಿ ಬಂದು ಹಿಡಿದ. ಮುಖ ಬಿಳುಚಿತ್ತು.

"ಅಕ್ಕಾ, ಆ ಅರ್ಜಿ ವಿಷಯ ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ."

"ಗೊತ್ತಿಲ್ಲ ಅಂತ ನನಗೂ ಗೊತ್ತು. ಅದೇ ನಿನ್ನ ರೋಗ. ನಿನ್ನ ಹೆಸರಲ್ಲಿ ನಡೆಯೋದೊಂದೂ ನಿನಗೆ ಗೊತ್ತಿರಲ್ಲ."

"ನಾನು ಸರಿಮಾಡ್ತೀನಿ. ಹಾಸ್ಟೆಲಿನ ನಿರ್ದೇಶಕರು ನನ್ನ ಜೊತೆ ಓಡಿದವ್ರು. ಒಂದು ಫೋನ್ ಸಾಕು, ಗುಬ್ಬಿಗೆ ಸೀಟು. ಈಗಲೇ ಮಾಡ್ತೀನಿ." ಜೇಬಿಗೆ ಕೈ ಹಾಕಿದ.

"ಮೂರು ಸೀಟು ಇರೋದು. ಮೂರೂ ತುಂಬಿದೆ. ಯಾರನ್ನ ಎಬ್ಬಿಸ್ತೀಯಾ?"

"ಮೂರನೆಯವಳಿಗೆ ಮುಂದಿನ ವರ್ಷ ಏನಾದ್ರೂ ನೋಡೋಣ..."

ಕಬ್ಬಿಣದಕ್ಕ ಉತ್ತರ ಕೊಡದೆ ಗುಬ್ಬಿಯ ಕಡೆ ತಿರುಗಿದಳು. "ಸೀಟು ನಿಂದು, ಮಾತೂ ನಿಂದೇ. ಬೇಕಿದ್ರೆ ಹೋಗು, ನಾನು ಬೇಜಾರು ಮಾಡ್ಕೊಳ್ಳಲ್ಲ. ಮೇಜಿನ ಕೆಳಗೆ ಮಲಗೋಳು ನೀನು, ನಾನಲ್ಲ."

ಆಸೆ ಇಲ್ಲದಿರಲು ಹುಡುಗಿಯೇನು ಕಲ್ಲೇ? ಒಂದು ಸಲ ಫೋನನ್ನು ನೋಡಿದಳು, ಒಂದು ಸಲ ಒಳಗೆ ಪದಕ ಹಾಕಿಕೊಂಡು ಅಮ್ಮನನ್ನು ತಬ್ಬಿ ನಿಂತಿದ್ದ ಮೂರನೆಯವಳನ್ನು ನೋಡಿದಳು.

"ಅಲ್ಲಿ ಹೋದ ಮೇಲೆ, ನೀನು ಎಷ್ಟು ಎತ್ತಿ ಬಂದೆ ಅಂತ ಆ ಹುಡುಗೀರು ಕೇಳ್ತಾರಲ್ಲ ಮಾವ," ಎಂದಳು. "ನಾನೇನು ಹೇಳ್ಲಿ? ಬೇಡ."

ಚಿಗರೆ ಫೋನನ್ನು ಜೇಬಿಗೆ ಹಾಕಿದ. ಆದರೂ ಬಿಡಲಿಲ್ಲ. "ಸರಿ, ಸೀಟು ಬೇಡ. ಆ ಶೆಡ್ಡು ಕೆಡವಿ ಹೊಸ ಹಾಲ್ ಕಟ್ಟಿಸ್ತೀನಿ ಅಕ್ಕಾ. ಫ್ಯಾನು, ದೀಪ, ಕಬ್ಬಿಣ ಎಲ್ಲ ಹೊಸದು. ನಿನ್ನ ಹೆಸರಲ್ಲೇ. ಆಸ್ಪತ್ರೆ ಕೆಲಸ ಬಿಟ್ಟುಬಿಡು, ಈ ವಯಸ್ಸಲ್ಲಿ ಒದ್ದೆ ಬಟ್ಟೆ ಎತ್ತೋದು ನಿನ್ನ ಹಣೆಬರಹವಾ? ಹೇಳು, ಏನು ಬೇಕು ಹೇಳು, ಮಾಡ್ತೀನಿ. ಇಷ್ಟಾದ್ರೂ ಮಾಡೋಕೆ ಬಿಡು."

ಕಬ್ಬಿಣದಕ್ಕ ಗುಬ್ಬಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಅವಳ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು ಎಂದು ಚಿಗರೆಗೆ ಆಮೇಲೆ ಅನ್ನಿಸಿರಬೇಕು.

"ಏನೂ ಬೇಡ. ಹಾಲ್ ಬೇಡ, ಹೆಸರು ಬೇಡ. ನೀನು ಹಾಸಿದ ಹಲಗೆ ನಾಳೆ ಬಿಚ್ಚಿ ಹೊರಗಿಡ್ತೀನಿ, ಲಾರಿ ಕಳಿಸು. ಬಣ್ಣ ಬಳಿದ ತಟ್ಟೇನೂ ಒಯ್ಯಿ. ನಾನು ಹಾಕಿದ ಸಹಿ ಹರಿದು ನಿನ್ನ ಮೇಡಂ ಕೈಗೆ ಕೊಡು. ಆ ಗೋಡೆ ಮೇಲಿನ ಕಾಗದ ಮಾತ್ರ ನೀನು ಕೀಳಬೇಡ, ಅದನ್ನ ಅವಳ ಅಮ್ಮ ಕೀಳ್ತಾಳಂತೆ, ಬಾಟಲಿ ತೊಳೆಯೋ ಬ್ರಷ್ ತಂದಿಟ್ಕೊಂಡಿದ್ದಾಳೆ. ನೀನು ಒಳ್ಳೆಯವನೇ ಕಣೋ, ಇಲ್ಲ ಅನ್ನಲ್ಲ. ಆದ್ರೆ ನಿನ್ನ ಒಳ್ಳೇತನಕ್ಕೆ ನಮ್ಮ ಮಕ್ಕಳು ಅಳ್ತಾ ನಿಲ್ಲಬೇಕು, ಅಪ್ಪ ಇದ್ದವರು ಅನಾಥರಾಗಬೇಕು, ಉಂಡವರು ಉಪವಾಸ ಅನ್ನಬೇಕು. ಅಷ್ಟು ಕೊಟ್ಟು ಕೊಳ್ಳೋ ಸಹಾಯ ನಮಗೆ ಪೂರೈಸಲ್ಲ. ದಾರಿ ಬಿಡು. ಹುಡುಗಿ ತೂಕ ಕೊಡಬೇಕು ಅಂತ ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ."